ದೆವ್ವದ ಎದುರು ಚೌಕಾಬಾರ

ಸೋಲು ಕೆಲವರ ಮನೆಗೆ ನೆಂಟನ ಹಾಗೆ ಬಂದು ಹೋಗುತ್ತದಂತೆ. ನಮ್ಮ ಮನೆಗೆ ಬಂದದ್ದು ತಿರುಗಿ ಹೋಗಲೇ ಇಲ್ಲ, ಇಲ್ಲೇ ಉಂಡುಕೊಂಡು ಇದ್ದುಬಿಟ್ಟಿದೆ. ಮದುವೆಯಾದಾಗಿನಿಂದ ಇವತ್ತಿನವರೆಗೆ ನನ್ನ ಹೆಂಡತಿ ಗಿರಿಜೆಯನ್ನು ಚೌಕಾಬಾರದಲ್ಲಿ ಒಂದೇ ಒಂದು ಸಲವೂ ಸೋಲಿಸಲು ನನ್ನಿಂದ ಆಗಿಲ್ಲ. ಹೊರಗೆ ನಾನು ಅಂಥ ಕೈಲಾಗದವನೇನೂ ಅಲ್ಲ. ಚಿಕ್ಕಜಾಜೂರು ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂತು, ರೈಲು ಬಂದು ನಿಂತ ಮೇಲೆ ಓಡೋಡಿ ಬಂದು ನನ್ನನ್ನೇ ಬೈಯುವ ಜನರನ್ನೆಲ್ಲ ತಣ್ಣಗೆ ನಿಭಾಯಿಸುತ್ತೇನೆ. ಮನೆಗೆ ಬಂದು ನಾಲ್ಕು ಕವಡೆ ಕೈಗೆತ್ತಿಕೊಂಡರೆ ಮಾತ್ರ ಆ ಧೈರ್ಯವೆಲ್ಲ ಹೊಸ್ತಿಲಾಚೆಯೇ ಉಳಿಯುತ್ತದೆ. ಅವಳಿಗೆ ನಾಲ್ಕರ ಚೌಕ ಬೇಕೆಂದರೆ ಚೌಕ ಬೀಳುತ್ತದೆ, ಎಂಟರ ಬಾರ ಬೇಕೆಂದರೆ ಬಾರ ಬೀಳುತ್ತದೆ. ನನಗೆ ಬೀಳುವುದು ಯಾವಾಗಲೂ ಒಂದು. ಬೇರೆಯವರು ಸಾಯುವುದರೊಳಗೆ ಕಾಶಿ ನೋಡಬೇಕು ಎನ್ನುತ್ತಾರೆ. ನನ್ನದು ಅಷ್ಟು ದೂರದ ಆಸೆಯಲ್ಲ, ನಡುಮನೆಯಲ್ಲೇ ತೀರಬಹುದಾದದ್ದು.

ಈ ಆಟ ಕಾಣದವರಿಗೆ ಒಂದು ಮಾತು. ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳ ಮಣೆ ಬರೆದು, ಕವಡೆ ಹಾಕಿ, ಬಿದ್ದಷ್ಟು ಮನೆ ಕಾಯಿ ನಡೆಸಬೇಕು. ಎದುರಾಳಿಯ ಕಾಯಿ ದಾರಿಯಲ್ಲಿ ಸಿಕ್ಕರೆ ಹೊಡೆಯಬಹುದು. ಸುತ್ತು ಮುಗಿಸಿ ನಟ್ಟನಡುವಿನ ಮನೆ ಸೇರಿದ ಕಾಯಿಯನ್ನು ಹಣ್ಣಾಯಿತು ಎನ್ನುತ್ತೇವೆ. ತನ್ನ ಕಾಯಿಗಳನ್ನೆಲ್ಲ ಮೊದಲು ಹಣ್ಣು ಮಾಡಿದವರು ಗೆದ್ದರು. ಇಷ್ಟೇ. ಇಷ್ಟರಲ್ಲಿ ಒಬ್ಬ ಮನುಷ್ಯ ಇಷ್ಟು ವರ್ಷ ಹೇಗೆ ಸೋಲುತ್ತಾನೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ.

ಹೀಗಿರುವಾಗ ಒಂದು ಭಾನುವಾರ ಗಿರಿಜೆಯ ತಂಗಿಯ ಮಗಳು ಚೈತ್ರ ದುರ್ಗದಿಂದ ಬಂದಳು. ಅಲ್ಲಿ ಕಾಲೇಜು ಓದುತ್ತಾಳೆ. ಓದಿನ ನಡುವೆ ಗೆಳತಿಯರೆಲ್ಲ ಸೇರಿ, ಯಾರ ಹಂಗೂ ಇಲ್ಲದೆ, ಒಂದು ದೆವ್ವದ ಕಿರುಚಿತ್ರ ತೆಗೆಯುತ್ತಿದ್ದರಂತೆ. ಕಥೆ ಇದು: ಒಂದು ಹಳೇ ಮನೆಯಲ್ಲಿ ಹೆಣ್ಣು ದೆವ್ವವೊಂದಿದೆ. ಬಂದವರನ್ನು ಕೂರಿಸಿಕೊಂಡು ಚೌಕಾಬಾರ ಆಡುತ್ತದೆ. ಸೋತವರು ಕೂತಲ್ಲೇ ಸಾಯುತ್ತಾರೆ. ದೆವ್ವವೇ ಸೋತರೆ ಅದು ಎದ್ದು, ಹೊಸ್ತಿಲು ದಾಟಿ, ಮತ್ತೆಂದೂ ಆ ಮನೆಗೆ ಬರುವ ಹಾಗಿಲ್ಲ. ಆದರೆ ಅದು ಸೋತೇ ಇಲ್ಲ. ಕಥೆ ಕೇಳುತ್ತ ನಾನು ಒಮ್ಮೆ ಗಿರಿಜೆಯ ಕಡೆ ನೋಡಿದೆ. ಇದು ನನಗೆ ಚೆನ್ನಾಗಿ ಗೊತ್ತಿರುವ ಮನೆಯ ಕಥೆಯೇ ಆಗಿತ್ತು.

ಚೈತ್ರಳಿಗೆ ಬೇಕಾಗಿದ್ದದ್ದು ನಮ್ಮ ಮಣ್ಣಿನ ಮಾಳಿಗೆ ಮನೆ. ನಿಮ್ಮ ನಡುಮನೆ ನೋಡಿದರೇ ಭಯವಾಗುತ್ತದೆ ಎಂದು ಅವಳು ಮೆಚ್ಚಿ ಹೇಳಿದ್ದು, ಹಿಂದಿನ ದಿನವಷ್ಟೇ ಸುಣ್ಣ ಬಳಿಸಿದ್ದ ಗಿರಿಜೆಗೆ ಅಷ್ಟಾಗಿ ರುಚಿಸಲಿಲ್ಲ. ಸಾಯುವ ಪಾತ್ರಕ್ಕೆ ಚೈತ್ರ ನನ್ನನ್ನು ಆರಿಸಿದಳು. ನೋಡಿದ ಕೂಡಲೇ ಸೋಲುತ್ತಾನೆ ಅನ್ನಿಸುವ ಮುಖ ಬೇಕಾಗಿತ್ತಂತೆ. ನಾನು ಸಾಯುವುದನ್ನು ಒಂದು ವಾರ ಜಗಲಿಯಲ್ಲಿ ಅಭ್ಯಾಸ ಮಾಡಿದೆ. ಕಣ್ಣು ಮೇಲೆ ಮಾಡಿ, ಎದೆ ಹಿಡಿದುಕೊಂಡು, ಮೆಲ್ಲಗೆ ಪಕ್ಕಕ್ಕೆ ವಾಲುತ್ತಿದ್ದೆ. ದಾರಿಯಲ್ಲಿ ಹೋಗುವವರು ನಿಂತು ಓಂಕಾಳು ಅಗಿಯಿರಿ, ವಾಯು ಇಳಿಯುತ್ತದೆ ಎಂದು ಹೇಳಿ ಹೋದರು.

ದೆವ್ವದ ಪಾತ್ರಕ್ಕೆಂದು ಬಂದ ಚೈತ್ರಳ ಗೆಳತಿ ಉದ್ದನೆಯ ತೆಳ್ಳನೆಯ ಹುಡುಗಿ, ದೆವ್ವದ ನಗು ಚೆನ್ನಾಗಿಯೇ ನಗುತ್ತಿದ್ದಳು. ಆದರೆ ಕವಡೆ ಹಾಕಲು ಬರುತ್ತಿರಲಿಲ್ಲ. ಹಾಕಿದ್ದೆಲ್ಲ ಉರುಳಿ ಮಂಚದ ಕೆಳಗೆ ಸೇರುತ್ತಿತ್ತು. ಪ್ರತಿಸಲವೂ ದೆವ್ವ ಮಂಡಿಯೂರಿ ಕವಡೆ ಹುಡುಕುವಂತಾಯಿತು. ಕಾಫಿ ತಂದ ಗಿರಿಜೆ ನೋಡುವಷ್ಟು ನೋಡಿ, ಲೋಟಗಳನ್ನು ಕೆಳಗಿಟ್ಟು, ಕವಡೆ ಹೀಗೆ ಹಾಕುವುದು ಎಂದು ತೋರಿಸಿಕೊಡಲು ಕೂತಳು. ಬಾರ ಬಿತ್ತು. ಚೈತ್ರ ಅವಳ ಕೈಯನ್ನೇ ನೋಡಿದಳು. ಆಮೇಲೆ ದೆವ್ವ ಯಾರೆಂಬ ಮಾತೇ ಏಳಲಿಲ್ಲ.

ಗಿರಿಜೆ ಒಪ್ಪಿದ್ದು ಎರಡು ಷರತ್ತಿನ ಮೇಲೆ. ಒಂದು, ಹಣೆಯ ವಿಭೂತಿ ಅಳಿಸುವುದಿಲ್ಲ. ವಿಭೂತಿ ಕಂಡರೆ ದೆವ್ವ ಓಡಬೇಕೇ ಹೊರತು ದೆವ್ವವೇ ಹಚ್ಚಿಕೊಂಡಿದ್ದರೆ ಜನ ನಗುತ್ತಾರೆ ಎಂದು ಚೈತ್ರ ಎಷ್ಟೋ ಹೇಳಿದಳು. ಕೊನೆಗೆ ಕೂದಲು ಬಿಚ್ಚಿ ಹಣೆಯ ಮೇಲೆ ಇಳಿಬಿಟ್ಟು ರಾಜಿಯಾಯಿತು. ಎರಡನೆಯದು, ಸುಳ್ಳು ಆಟ ಆಡುವುದಿಲ್ಲ. ಕಾಯಿಗಳನ್ನು ಬೇಕಾದ ಮನೆಯಲ್ಲಿಟ್ಟು ಚಿತ್ರ ತೆಗೆದುಕೊಳ್ಳುವುದು ನಡೆಯದು. ಮಣೆ ಬರೆದ ಮೇಲೆ ಮೊದಲಿನಿಂದ ಆಡಬೇಕು, ಮುಗಿಸಿಯೇ ಏಳಬೇಕು. ಅರ್ಧಕ್ಕೆ ಬಿಟ್ಟ ಆಟ ಮನೆಗೆ ಒಳ್ಳೆಯದಲ್ಲ ಎಂಬುದು ಅವಳ ತಾಯಿಯ ಮಾತು. ನಾನು ಮೆಲ್ಲಗೆ, ಹಾಗೆ ನಿಜವಾಗಿ ಆಡಿದರೆ ಅಕಸ್ಮಾತ್ ನಾನೇ ಗೆದ್ದರೆ ಕಥೆ ಏನಾಗಬೇಕು ಎಂದು ಕೇಳಿದೆ. ಚೈತ್ರ ನನ್ನನ್ನು ಪ್ರೀತಿಯಿಂದ ನೋಡಿದಳು.

"ಆ ಭಯ ಏನಿಲ್ಲ ಬಿಡ್ರಿ ದೊಡ್ಡಪ್ಪ."

ರಾತ್ರಿಯ ದೃಶ್ಯವನ್ನು ಮಧ್ಯಾಹ್ನವೇ ತೆಗೆದರು. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಕಿಟಕಿ ಬಾಗಿಲುಗಳಿಗೆ ಇಳಿಬಿಟ್ಟರು. ಸಾಲದ್ದಕ್ಕೆ ಪಕ್ಕದ ಮನೆಯ ಹಾಲಮ್ಮ ತನ್ನವನ್ನೂ ತಂದುಕೊಟ್ಟು, ಕಂಬಳಿ ಕೊಟ್ಟ ಹಕ್ಕಿನಿಂದ ಒಳಗೇ ಗೋಡೆಗೆ ಒರಗಿ ಕೂತಳು. ಹೊರಗೆ ಬಿಸಿಲು ಸುರಿಯುತ್ತಿದ್ದರೆ ನಮ್ಮ ನಡುಮನೆಯಲ್ಲಿ ಮಾತ್ರ ಕತ್ತಲೆ. ಕಂಬಳಿಯ ಸಣ್ಣ ಸಣ್ಣ ತೂತುಗಳಲ್ಲಿ ಬೆಳಕು ತೂರಿ, ಗೋಡೆ ತುಂಬ ಚುಕ್ಕಿಗಳು ಮೂಡಿದ್ದವು. ಗಾಳಿ ಬೀಸಿದಾಗ ಅವೆಲ್ಲ ಒಟ್ಟಿಗೆ ಸರಿದು ಮತ್ತೆ ತಮ್ಮ ಜಾಗಕ್ಕೆ ಬರುತ್ತಿದ್ದವು. ಉಣ್ಣೆಯ ವಾಸನೆ, ದೀಪದ ಎಣ್ಣೆಯ ವಾಸನೆ, ಹೊಟ್ಟೆಯಲ್ಲಿ ಮುದ್ದೆ ಹುರುಳಿ ಸಾರು. ದೂರದಲ್ಲಿ ಗೂಡ್ಸ್ ಗಾಡಿಯೊಂದು ಮುಗಿಯದ ಹಾಗೆ ಹಾದುಹೋಗುತ್ತಿತ್ತು, ನೆಲ ಸಣ್ಣಗೆ ನಡುಗುತ್ತಿತ್ತು. ನನಗೆ ಎಚ್ಚರವೋ ಜೊಂಪೋ ತಿಳಿಯದಂಥ ಒಂದು ಸುಖ ಹತ್ತಿತು.

ಆಗ ದೆವ್ವ ಬಂದು ಎದುರಿಗೆ ಕೂತಿತು. ಮುಖಕ್ಕೆ ಅಕ್ಕಿಹಿಟ್ಟು ಬಳಿದಿದ್ದರು. ಗಿರಿಜೆ ಕೂದಲು ಬಿಚ್ಚಿದ್ದನ್ನು ನಾನು ನೋಡುತ್ತಿದ್ದದ್ದು ಎಣ್ಣೆನೀರಿನ ದಿನ ಮಾತ್ರ, ಅದೂ ಟವೆಲಿನೊಳಗೆ. ಈಗ ಅದು ಭುಜದ ಮೇಲೆಲ್ಲ ಹರಡಿತ್ತು. ಅದರಲ್ಲಿ ಎಷ್ಟೊಂದು ಬೆಳ್ಳಿ ಇತ್ತು. ಯಾವಾಗ ಬಂತೋ, ನನಗೆ ಗೊತ್ತೇ ಆಗಿರಲಿಲ್ಲ. ಇಷ್ಟು ವರ್ಷ ಎದುರಿಗೇ ಕೂತು ಕಾಯಿಗಳನ್ನು ನೋಡಿದ್ದೆ, ಕವಡೆ ನೋಡಿದ್ದೆ, ಆಡುವವಳನ್ನು ನೋಡಿರಲಿಲ್ಲವೇನೋ. 

ಆಟ ಶುರುವಾಯಿತು. ಎಂದಿನಂತೆ ಅವಳು ನನ್ನ ಕಾಯಿ ಹೊಡೆದಳು. ಆದರೆ ಆ ದಿನ ಕವಡೆಗಳಿಗೆ ಏನು ಬಂದಿತ್ತೋ, ನನಗೆ ಚೌಕದ ಮೇಲೆ ಚೌಕ ಬಿತ್ತು. ನಾನೂ ಅವಳ ಕಾಯಿ ಹೊಡೆದೆ. ಗೋಡೆಗೊರಗಿದ್ದ ಹಾಲಮ್ಮ ಚಿತ್ರ ತೆಗೆಯುತ್ತಿದ್ದಾರೆಂಬುದನ್ನೇ ಮರೆತು, ಆ ಕಾಯಿ ಬೇಡ ಈ ಕಾಯಿ ನಡೆಸಿ ಎಂದು ಸಲಹೆ ಕೊಡತೊಡಗಿದಳು. ಚೈತ್ರ ಎರಡು ಸಲ ಕಟ್ ಎಂದಳು. ಆಟ ಮುಗಿಯದೆ ಏಳಬಾರದು ಎಂಬ ನಿಯಮದ ಮುಂದೆ ಕಟ್ ಯಾವ ಲೆಕ್ಕ? ಕ್ಯಾಮೆರಾ ಓಡುತ್ತಲೇ ಇತ್ತು.

ಕೊನೆಗೆ ಇಬ್ಬರಿಗೂ ಒಂದೊಂದೇ ಕಾಯಿ ಉಳಿಯಿತು. ಅವಳಿಗೆ ಒಂದು ಬಿದ್ದರೆ ಹಣ್ಣು. ನನಗೆ ಎರಡು ಬಿದ್ದರೆ ಹಣ್ಣು. ಸರದಿ ನನ್ನದು. ಕವಡೆ ಹಾಕಿದೆ. ಎರಡು ಬಿತ್ತು.

ಓದುಗರೇ, ಒಂದು ಜನ್ಮದ ಆಸೆ ಕಣ್ಣೆದುರು ಅಂಗಾತ ಬಿದ್ದಿತ್ತು. ಕಾಯಿ ಎತ್ತಿ ನಡುವಿನ ಮನೆಯಲ್ಲಿಟ್ಟರೆ ಮುಗಿಯಿತು. ನಾನು ಕೈ ಚಾಚಿದೆ. ಅಷ್ಟರಲ್ಲಿ ದೆವ್ವ ಒಂದು ಕೈ ನೆಲಕ್ಕೂರಿ, ಸೆರಗು ಒಟ್ಟುಮಾಡಿಕೊಂಡು, ಏಳುವ ಹಾಗೆ ಮಾಡಿತು. ಅದರ ಬೆನ್ನ ಹಿಂದೆ ಬಾಗಿಲ ಕಂಬಳಿ ಗಾಳಿಗೆ ಒಂದಿಷ್ಟು ಸರಿದು, ಹೊಸ್ತಿಲ ಆಚೆ ಬರೀ ಬೆಳಕು ಕಂಡಿತು. ಸೋತರೆ ಹೊಸ್ತಿಲು ದಾಟಿ ಹೋಗಬೇಕು. ಮತ್ತೆಂದೂ ಬರುವ ಹಾಗಿಲ್ಲ. ಇದು ನನ್ನ ಹೆಂಡತಿ, ಇದು ಅಕ್ಕಿಹಿಟ್ಟು, ಇದು ಬರೇ ಸಿನಿಮಾ ಎಂದು ನಾನು ಬಲ್ಲೆ. ಆದರೂ ಚಾಚಿದ ಕೈ ಅರ್ಧಕ್ಕೇ ನಿಂತಿತು. ನಾನು ನಿಜವಾಗಿ ಹೆದರಿದೆ.

"ಎಲ್ಲಿಗೆ ಹೊಂಟೆ?" ಎಂದೆ. ಆ ಮಾತು ಕಥೆಯಲ್ಲಿರಲಿಲ್ಲ.

"ಎಲ್ಲಿಗೂ ಇಲ್ಲ. ಕಾಲು ಜೋಮು ಹಿಡಿದೈತೆ. ನಡೆಸ್ರಿ."

ನನ್ನ ಕೈ ಕಾಯಿ ಎತ್ತಿ, ಒಂದೇ ಮನೆ ಮುಂದಿಟ್ಟಿತು. ಒಂದು ಎಂದು ಬಾಯಿ ಹೇಳಿತು. ಹಾಲಮ್ಮ ಹಣೆ ಚಚ್ಚಿಕೊಂಡಳು. ಕಣ್ಣು ಮುಚ್ಚಿಕೊಂಡೇ ಕಳ್ಳಲೆಕ್ಕ ಹಿಡಿಯುವ ಗಿರಿಜೆ ಕವಡೆಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ಕವಡೆ ಬಳಿದುಕೊಂಡು ಹಾಕಿದಳು. ಅವಳಿಗೆ ಬೇಕಾದದ್ದು ಬೀಳದೆ ಇನ್ನೇನು? ನಾನು ಎದೆ ಹಿಡಿದು ವಾಲಿ ಸತ್ತೆ. ಆ ನೆಮ್ಮದಿಯಲ್ಲಿ ಅದು ಬಹಳ ಸಹಜವಾಗಿ ಬಂತು. ಚೈತ್ರ ಓಡಿ ಬಂದು, ಕಥೆ ಉಳಿಸಲಿಕ್ಕಾಗಿ ಗೆಲುವನ್ನೇ ಬಿಟ್ಟುಕೊಟ್ಟಿರಲ್ಲ, ಕಲಾವಿದರೆಂದರೆ ನೀವು ಎಂದು ಕಾಲು ಮುಟ್ಟಿ ನಮಸ್ಕರಿಸಿದಳು. ನಾನು ಬೇಡವೆನ್ನಲಿಲ್ಲ.

ಚಿತ್ರವನ್ನು ದುರ್ಗದ ಒಂದು ಪುಟ್ಟ ಸಭಾಂಗಣದಲ್ಲಿ ತೋರಿಸಿದರು. ಎಲ್ಲಿಗೆ ಹೊಂಟೆ ಎಂಬಲ್ಲಿ ಸಭೆ ಉಸಿರು ಬಿಗಿಹಿಡಿಯಿತು. ಮುಗಿದ ಮೇಲೆ ಒಬ್ಬರು ಬಂದು ಆ ಭಯವನ್ನು ಕಣ್ಣಲ್ಲಿ ಹೇಗೆ ತಂದಿರಿ ಎಂದು ಕೇಳಿದರು. ಸಾಧನೆ ಎಂದೆ. ವಾಪಸು ಬರುವ ಬಸ್ಸಿನಲ್ಲಿ ಗಿರಿಜೆ ಬಹಳ ಹೊತ್ತು ಕಿಟಕಿಯ ಆಚೆ ಗುಡ್ಡದ ಮೇಲೆ ಮೆಲ್ಲಗೆ ತಿರುಗುವ ಗಾಳಿಯಂತ್ರಗಳನ್ನು ನೋಡುತ್ತಿದ್ದಳು. ಆಮೇಲೆ ಅತ್ತಲೇ ನೋಡುತ್ತ ಹೇಳಿದಳು.

"ಅವತ್ತು ಎರಡು ಬಿದ್ದಿತ್ತು."

"ಹೂಂ."

"ಮತ್ತೆ ಯಾಕ್ ಹಂಗೆ ಮಾಡಿದ್ರಿ?"

"ನೀನು ಎದ್ದು ಹೋಗಿಬಿಡ್ತೀಯ ಅನ್ನಿಸ್ತು."

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. ನನ್ನ ಅಂಗಿಯ ತೋಳಿನ ಮೇಲೆ ಇಲ್ಲದ ಧೂಳನ್ನು ಒರೆಸಿದಳು. "ಹಂಗಾರೆ ಆ ಆಟ ಲೆಕ್ಕಕ್ಕಿಲ್ಲ. ಮನೆಗೆ ಹೋಗಿ ಆಡಾಣ. ನಾನು ಸೋತ್ರೂ ಎಲ್ಲಿಗೂ ಹೋಗಲ್ಲ, ಧೈರ್ಯವಾಗಿ ಆಡ್ರಿ" ಎಂದಳು.

ಇಷ್ಟು ವರ್ಷಗಳಲ್ಲಿ ಅಂಥ ಮಾತು ನನಗೆ ಯಾರೂ ಕೊಟ್ಟಿರಲಿಲ್ಲ. ನನ್ನ ಸೋಲಿನ ಗುಟ್ಟೇ ಆ ಅಂಜಿಕೆ, ಅದು ಹೋದ ಮೇಲೆ ನನ್ನನ್ನು ಹಿಡಿಯುವವರು ಯಾರು ಎನ್ನಿಸಿತು. ಮನೆಗೆ ಬಂದವನೇ ಕೈಕಾಲು ತೊಳೆದು, ಮಣೆ ಬರೆದು, ಜೀವನದಲ್ಲಿ ಮೊದಲ ಸಲ ಒಂದು ಚೂರೂ ಹೆದರದೆ ಆಡಿದೆ.

ನನ್ನ ಒಂದು ಕಾಯಿಯೂ ಹಣ್ಣಾಗಲಿಲ್ಲ.