ಒಂದು ಕೆಮ್ಮಿನ ವಿಷಯವಾಗಿ ತತ್ವಶಾಸ್ತ್ರದ ಪ್ರಾಧ್ಯಾಪಕರಿಗೆ ದರ್ಜಿಯ ವಿನಂತಿ

ಭಾನುವಾರದ ಬೆಳಿಗ್ಗೆ ಗ್ರಂಥಾಲಯದ ಮಹಡಿಯಲ್ಲಿ 'ನಿತ್ಯಜೀವನಕ್ಕೆ ತತ್ವಚಿಂತನೆ' ಎಂಬ ಉಪನ್ಯಾಸಮಾಲೆ ನಡೆಸುತ್ತಿರುವ ಮಾನ್ಯ ಪ್ರಾಧ್ಯಾಪಕರೇ,

ಅದೇ ಗ್ರಂಥಾಲಯದ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಾನು, ಕೊರಳಲ್ಲಿ ಟೇಪು ಇರುವಂತೆಯೇ, ತಮಗೆ ತಲೆಬಾಗಿ ನಮಸ್ಕರಿಸುತ್ತೇನೆ. ತಾವು ಮಹಡಿಯಲ್ಲಿ ಹಚ್ಚಿದ ಜ್ಞಾನದ ದೀಪದ ಬೆಳಕು ಮೆಟ್ಟಿಲಿಳಿದು ನಮ್ಮ ಅಂಗಡಿಯೊಳಗೂ ಬಂದಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ಬತ್ತಿಯನ್ನು ಕೊಂಚ ಇಳಿಸಲು ಸಾಧ್ಯವೇ ಎಂದು ವಿಚಾರಿಸುವುದೇ ಈ ಪತ್ರದ ಉದ್ದೇಶ.

ಇದನ್ನು ಲಕೋಟೆಯಲ್ಲಿಟ್ಟು ಸದ್ದಿಲ್ಲದೆ ತಮ್ಮ ಕೈಗೆ ಕೊಡುವ ಯೋಚನೆಯಿತ್ತು. ಆದರೆ ನಮ್ಮ ಕಟಿಂಗ್ ಮಾಸ್ಟರೂ ನನ್ನ ಹೆಂಡತಿಯ ಖಾಸಾ ತಮ್ಮನೂ ತಮ್ಮ ಪರಮ ಶಿಷ್ಯನೂ ಆದ ನನ್ನ ಭಾವಮೈದ, "ಮುಚ್ಚಿಟ್ಟು ಹೇಳೋದೂ ಒಂದು ಥರದ ಸುಳ್ಳೇ ಭಾವ" ಎಂದುಬಿಟ್ಟ. ಹೀಗಾಗಿ ಪತ್ರ ಬಹಿರಂಗವಾಗಿದೆ. ಇದರಿಂದ ತಮಗಾಗುವ ಮುಜುಗರಕ್ಕೆ ತಮ್ಮ ಪಾಠವೇ ಹೊಣೆಯಲ್ಲದೆ ನಾನಲ್ಲ.

ನಮ್ಮ ಅಂಗಡಿಯ ಪದ್ಧತಿಯನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು. ಭಾವಮೈದ ಅಳತೆ ತೆಗೆದು ಕೂಗುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಬೆಂಚಿನ ಮೇಲೆ ಕಾಯುತ್ತಾ ಕೂತವರ ಕಿವಿಗೂ ಅದು ಬೀಳುವುದರಿಂದ, ಕೂಗುವ ಸಂಖ್ಯೆ ಯಾವಾಗಲೂ ಗಿರಾಕಿಯ ಮನಸ್ಸಿಗೆ ಹಿತವಾಗುವಂಥದ್ದು. ಅದರ ಹಿಂದೆ ಬರುವ ಪ್ರತಿ ಕೆಮ್ಮಿಗೆ ನಾನು ಒಂದಿಂಚು ಕೂಡಿಸಿಕೊಳ್ಳಬೇಕು, ಗಂಟಲು ಸರಿಮಾಡಿಕೊಂಡರೆ ಒಂದಿಂಚು ಕಳೆಯಬೇಕು. ಇದು ನಮ್ಮ ಮಾವನವರು ಬಿಟ್ಟುಹೋದ ವಿದ್ಯೆ. ಅವರು ತೀರಿಕೊಂಡಾಗ ಓಣಿಯವರೆಲ್ಲ ದಮ್ಮಿನಿಂದ ಹೋದರು ಪಾಪ ಎಂದು ಮರುಗಿದರು.

ಇಂಥ ಅಂಗಡಿಗೆ ತಾವು ಭಾವಮೈದನ ಮೂಲಕ ಒಂದು ಪ್ರಶ್ನೆಯನ್ನು ಕಳಿಸಿಕೊಟ್ಟಿರಿ: 'ನಾನು ಮಾಡುವುದನ್ನೇ ಲೋಕದವರೆಲ್ಲ ಮಾಡಿದರೆ ಏನಾದೀತು?' ಲೋಕದವರೆಲ್ಲ ಕೆಮ್ಮಿದರೆ ಡಾಕ್ಟರುಗಳಿಗೆ ಒಳ್ಳೆಯದಾದೀತು ಎಂದು ನಾನು ಉತ್ತರಿಸಿ ನೋಡಿದೆ. ಅವನು ನಗಲಿಲ್ಲ, ಕೆಮ್ಮುವುದನ್ನೂ ನಿಲ್ಲಿಸಿದ. ಅಂದಿನಿಂದ ಪ್ರತಿಯೊಬ್ಬರ ಸೊಂಟದ ಸತ್ಯವೂ ರಸ್ತೆಯ ತನಕ ಕೇಳಿಸುತ್ತಿದೆ. ಹಳೇ ಪ್ಯಾಂಟು ತಂದು, ತೊಳೆದು ತೊಳೆದು ಬಟ್ಟೆ ಕುಗ್ಗಿದೆ ನೋಡಿ ಎನ್ನುವವರಿಗೆ, ಬಟ್ಟೆ ಅಲ್ಲೇ ಇದೆ, ತಾವೇ ಮುಂದೆ ಬಂದಿದ್ದೀರಿ ಎಂದು ವಿನಯದಿಂದ ತಿಳಿಸಲಾಗುತ್ತಿದೆ. ನನ್ನ ಹೆಂಡತಿ ಮೊನ್ನೆ ಊಟಕ್ಕೆ ಬಡಿಸುತ್ತಾ, "ಸತ್ಯ ನಿಮ್ಮಿಬ್ಬರಲ್ಲಿ ಯಾರ ಹತ್ತಿರ ಇದ್ರೂ ಇರ್ಲಿ, ಗಿರಾಕಿಗಳು ಮಾತ್ರ ಎದುರಿನ ರೆಡಿಮೇಡ್ ಅಂಗಡಿ ಹತ್ತಿರ ಇದ್ದಾರೆ" ಎಂದಳು. ಅವಳು ತಮ್ಮ ಉಪನ್ಯಾಸಕ್ಕೆ ಒಂದು ದಿನವೂ ಬಂದವಳಲ್ಲ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕಳೆದ ವಾರ ನಮ್ಮ ಹಳೆಯ ಗಿರಾಕಿ, ಬಸ್ ಡ್ರೈವರು, ಆಸ್ಪತ್ರೆಯಿಂದ ಬಂದವರು ಹೆಂಡತಿಯನ್ನು ಕರೆದುಕೊಂಡು ಅಂಗಿ ಹೊಲಿಸಲು ಬಂದರು. ಆಳು ಅರ್ಧವಾಗಿದ್ದರು. ಮಾವನವರಿದ್ದಿದ್ದರೆ ಹಳೆಯ ಎದೆಯಳತೆಯನ್ನೇ ಗಟ್ಟಿಯಾಗಿ ಕೂಗಿ, ಆಮೇಲೆ ಗಂಟಲು ಸರಿಮಾಡಿಕೊಳ್ಳುತ್ತಾ ನಿಲ್ಲುತ್ತಿದ್ದರು. ಭಾವಮೈದ ಇದ್ದದ್ದನ್ನು ಇದ್ದಂತೆ ಕೂಗಿದ. ಬೆಂಚಿನ ಮೇಲಿದ್ದ ಅವರ ಹೆಂಡತಿ ಗೋಡೆಯ ಕಡೆ ತಿರುಗಿದರು. ಡ್ರೈವರು, ಪರವಾಗಿಲ್ಲ, ಬಟ್ಟೆ ಕಡಿಮೆ ಹಿಡಿಯುತ್ತೆ ಬಿಡಿ ಎಂದು ತಾವೇ ನಮಗೆ ಸಮಾಧಾನ ಹೇಳಿದರು. ಅವತ್ತು ಭಾವಮೈದ ಮನೆಗೆ ಬಂದು ಊಟ ಮಾಡಲಿಲ್ಲ. ಇನ್ನು ಟೇಪು ಮುಟ್ಟುವುದಿಲ್ಲ, ಸುಳ್ಳು ಕೂಗಲು ಬಾಯಿ ಬರುವುದಿಲ್ಲ, ನಿಜ ಕೂಗಿದರೆ ಹೀಗಾಗುತ್ತದೆ ಎನ್ನುತ್ತಾನೆ. ಕೋಟು ಕತ್ತರಿಸಬಲ್ಲ ಕೈ ನಮ್ಮಲ್ಲಿ ಅವನದೊಂದೇ. ಆ ಕೈ ಈಗ ಕೆನ್ನೆಯ ಮೇಲಿದೆ.

ಆದ್ದರಿಂದ ತಮ್ಮಲ್ಲಿ ಬೇಡುವುದಿಷ್ಟು. ಸತ್ಯಕ್ಕೆ ವಾರದ ರಜೆ ಕೊಡಿಸಬೇಕು, ಅಥವಾ ಟೇಪಿನ ಎರಡು ತುದಿಗಳ ನಡುವೆ ಅದಕ್ಕೆ ಪ್ರವೇಶವಿಲ್ಲವೆಂದು ತಮ್ಮ ಸಹಿಯ ಬೋರ್ಡೊಂದನ್ನು ಬರೆಸಿಕೊಡಬೇಕು. ಅದೂ ಆಗದಿದ್ದರೆ ಒಂದು ಸಲ ನಮ್ಮ ಹೊಲಿಗೆಯನ್ನು ಒಳಮಗ್ಗುಲಿನಿಂದ ನೋಡಬೇಕು. ಪ್ರತಿ ಅಂಚಿನಲ್ಲೂ ಮುಂದೆ ಬೇಕಾದೀತೆಂದು ಒಂದಿಷ್ಟು ಬಟ್ಟೆ ಮಡಚಿಟ್ಟಿರುತ್ತೇವೆ. ಹಾಗೆ ಬಿಡದೆ ಹೊಲಿದ ಕೋಟು ಕನ್ನಡಿಯ ಮುಂದೆ ಬಹಳ ಚೆನ್ನಾಗಿ ಕೂರುತ್ತದೆ, ಮನುಷ್ಯ ಕೂತಾಗ ಮಾತ್ರ ಬಿರಿಯುತ್ತದೆ. ತತ್ವಕ್ಕೂ ಒಳಗೆ ಹಾಗೊಂದಿಷ್ಟು ಬಿಟ್ಟು ಹೊಲಿಯುವ ಪದ್ಧತಿ ತಮ್ಮ ಶಾಸ್ತ್ರದಲ್ಲಿ ಇದೆಯೋ ಇಲ್ಲವೋ ತಿಳಿಯದು. ಇದ್ದರೆ ಬರುವ ಭಾನುವಾರ ದಯಮಾಡಿ ಅದನ್ನೇ ಪಾಠ ಮಾಡಬೇಕು, ಏಕೆಂದರೆ ಆ ದಿನ ಡ್ರೈವರ ಅಂಗಿಯ ವಿಷಯ ಕೇಳಲು ಭಾವಮೈದ ಮುಂದಿನ ಸಾಲಿನಲ್ಲೇ ಕೂರಲಿದ್ದಾನೆ.

ಟೇಪು ಕೊರಳಲ್ಲಿರುವ ತನಕ
ತಮ್ಮ ವಿಶ್ವಾಸಿ,
ಓಣಿಯ ದರ್ಜಿ

ತಾ.ಕ.: ಭಾವಮೈದ ಟೇಪು ಬಿಡುವ ಮುಂಚೆಯೇ ಕತ್ತರಿಸಿಟ್ಟಿದ್ದ ತಮ್ಮ ಸನ್ಮಾನದ ಕೋಟು ಸಿದ್ಧವಿದೆ. ಮೊದಲ ದಿನ ಭಾವಮೈದ ಭಕ್ತಿಯಿಂದ ತಮ್ಮ ಸೊಂಟದಳತೆ ಕೂಗಿದಾಗ ತಾವು ಟೇಪು ಹಳೆಯದಿರಬೇಕು ಎಂದಿರಿ. ಹೊಸ ಟೇಪು ಬಂದಾಗ ಜೇಬಿನಲ್ಲಿ ಕರ್ಚೀಫಿದೆ ಎಂದಿರಿ. ಕರ್ಚೀಫು ಹೊರಗೆ ಬಂದರೂ ಸೊಂಟ ಕದಲಲಿಲ್ಲ. ಮರುದಿನ ಅವನು ಊಟಕ್ಕೆ ಹೋಗಿದ್ದ ಹೊತ್ತು ನೋಡಿ ಬಂದು, ಉಸಿರು ಬಿಗಿಹಿಡಿದು ನಿಂತು, ಇನ್ನೊಮ್ಮೆ ಅಳೆಯಲು ಹೇಳಿದಿರಿ. ನಾನು ಕೂಗಿದ ಸಂಖ್ಯೆ ಕೇಳಿ, "ನೋಡಿ, ನಾ ಹೇಳ್ಲಿಲ್ವಾ" ಎಂದು ಮುಖ ಅರಳಿಸಿದಿರಿ. ಆಮೇಲೆ ನನಗೆ ಬಿಟ್ಟೂ ಬಿಡದೆ ಬಂದ ಕೆಮ್ಮಿಗೆ ಮರುಗಿ ಬಿಸಿನೀರು ಕುಡಿಯಲು ಸಲಹೆ ಕೊಟ್ಟಿರಿ. ಆ ಕರುಣೆಗೆ ಋಣಿ. ನನ್ನ ಆರೋಗ್ಯ ಚೆನ್ನಾಗಿದೆ. ಕೋಟಿನ ಗುಂಡಿ ಸಲೀಸಾಗಿ ಬೀಳುತ್ತದೆ.