ಸ್ಕಾಟ್ಲೆಂಡಿಗೆ ಹೊರಟ ಪಾರ್ಸೆಲ್ಲುಗಳು

ಇಡೀ ಕಾರ್ಖಾನೆಯನ್ನು ಮಲಗಿಸಿ, ಮೈ ತೊಳೆಸಿ, ಮತ್ತೆ ಎಬ್ಬಿಸಿ ನಿಲ್ಲಿಸುವ ಗಂಡಸಿಗೆ ಒಂದು ಪ್ರವಾಸ ಯಾವ ಮಹಾ ಲೆಕ್ಕ!

ಲಕ್ಷ್ಮೀಪತಿ ಈ ಮಾತನ್ನು ಹೇಳಿದ್ದು ದೋಹಾದ ಅಬು ಹಮೂರ್ ಬಡಾವಣೆಯ ತನ್ನ ಮನೆಯ ಸೋಫಾದ ಮೇಲೆ ಕಾಲು ನೀಡಿಕೊಂಡು. ಹೇಳಿದ್ದು ಹೆಂಡತಿ ಭಾನುಮತಿಗೆ. ಮಾತೇನೋ ಸುಳ್ಳಲ್ಲ. ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಅವನು ಪ್ಲಾನಿಂಗ್ ಇಂಜಿನಿಯರ್. ಕೆಲವು ವರ್ಷಕ್ಕೊಮ್ಮೆ ಅಲ್ಲಿನ ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಬಂತೆಂದರೆ, ಯಾವ ಬೋಲ್ಟನ್ನು ಯಾವಾಗ ಬಿಚ್ಚಬೇಕು, ಯಾವ ಕ್ರೇನು ಯಾವ ಮೂಲೆಯಲ್ಲಿ ಬಂದು ನಿಲ್ಲಬೇಕು ಎಂದು ಅಪ್ಪಣೆ ಕೊಡುವವನು ಅವನೇ. ಅಂಥವನು ಈ ಬೇಸಿಗೆ ರಜಕ್ಕೆ ಊರು ಬೇಡ, ಸ್ಕಾಟ್ಲೆಂಡಿಗೆ ಹೋಗೋಣ, ಅಲ್ಲಿಂದ ಹಾಗೇ ಇಳಿದು ಇಂಗ್ಲೆಂಡಿನ ಉತ್ತರದ ಸೀಮೆಯನ್ನೂ ನೋಡಿ ಬರೋಣ, ನಾವಿಬ್ಬರೇ ಎಂದು ಘೋಷಿಸಿದ. ಪ್ಲಾನು ನನ್ನದು, ನೀನು ಸ್ವೆಟರ್ ಹಾಕಿಕೊಂಡು ಬಂದರೆ ಸಾಕು ಎಂದ.

ಭಾನುಮತಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಮದುವೆಯಾಗಿ ಕತಾರಿಗೆ ಬಂದ ಮೇಲೆ ಅವಳ ಪಾಲಿಗೆ ರಜೆ ಎಂದರೆ ಒಲೆಯಿಂದ ಒಲೆಗೆ ವರ್ಗಾವಣೆ. ದೋಹಾದ ಒಲೆಯಿಂದ ಮೈಸೂರಿನ ಅತ್ತೆಯ ಒಲೆಗೆ, ಅಲ್ಲಿಂದ ನಂಜನಗೂಡಿನ ನಾದಿನಿಯ ಒಲೆಗೆ, ನಡುವೆ ಯಾರದೋ ಗೃಹಪ್ರವೇಶದ ಹಾಲುಕ್ಕಿಸುವ ಒಲೆಗೆ. ಹಿಂತಿರುಗಿ ಬಂದ ರಾತ್ರಿ ಮತ್ತೆ ಇಲ್ಲಿ ಅನ್ನಕ್ಕಿಡಬೇಕು. ಹೋದ ಚಳಿಗಾಲದಲ್ಲಿ ಹಲ್ಲು ನೋವೆಂದು ಡಾಕ್ಟರರ ಬಳಿ ಹೋದಾಗ ಅಲ್ಲಿನ ಗೋಡೆಯ ಮೇಲೆ ಒಂದು ಚಿತ್ರ ಕಂಡಿದ್ದಳು. ಸುತ್ತ ಹಸಿರು ಬೆಟ್ಟ, ನಡುವೆ ಬೂದು ಬಣ್ಣದ ನಿಶ್ಚಲ ನೀರು, ನೀರ ಮೇಲೆ ಒಂಟಿ ದೋಣಿ. ಕೆಳಗೆ ಹೆಸರಿತ್ತು: ಡರ್ವೆಂಟ್‌ವಾಟರ್, ಕೆಸಿಕ್. ಹಲ್ಲು ಕಿತ್ತರೂ ಅವಳಿಗೆ ನೋವು ತಿಳಿಯಲಿಲ್ಲವಂತೆ. ಆ ಚಿತ್ರದೊಳಗೇ ಇದ್ದಳಂತೆ.

"ನಂಗೆ ಕೋಟೆ ಬೇಡ, ಅರಮನೆ ಬೇಡ, ಆ ನೆಸ್ ಸರೋವರದ ಭೂತಾನೂ ಬೇಡ ಕಣ್ರಿ," ಅಂದಳು. "ಅದೆಲ್ಲ ನೀವು ನೋಡ್ಕೊಳಿ. ಆ ನೀರಿನ ಮಧ್ಯೆ ಒಂದೇ ಒಂದಿನ ನಾನು ಸುಮ್ನೆ ಕೂತಿರ್ಬೇಕು."

ಹೆಂಡತಿ ಕೇಳಿದ್ದು ಒಡವೆಯಲ್ಲ, ಸೀರೆಯಲ್ಲ, ಬರೀ ಸುಮ್ಮನಿರುವುದು. ಲಕ್ಷ್ಮೀಪತಿಯ ಎದೆ ಉಬ್ಬಿತು. ಒಂದಲ್ಲ, ಎರಡು ದಿನ ಕೊಟ್ಟಿದ್ದೇನೆ ಎಂದು ದೊರೆಯ ಹಾಗೆ ದಾನ ಮಾಡಿದ.

ಮಾರನೆಯ ದಿನ ಅವನು ಆಫೀಸಿನಿಂದ ಬಂದಾಗ ಕಂಕುಳಲ್ಲಿ ಚಾಪೆಯಂಥದೊಂದು ಸುರುಳಿ. ಪೈಪುಗಳ ನಕ್ಷೆ ತೆಗೆಯುವ ದೊಡ್ಡ ಪ್ರಿಂಟರಿನಲ್ಲಿ ಸ್ಕಾಟ್ಲೆಂಡನ್ನೂ ಉತ್ತರ ಇಂಗ್ಲೆಂಡನ್ನೂ ಅಚ್ಚು ಹಾಕಿಸಿಕೊಂಡು ಬಂದಿದ್ದ. ಹಾಲ್‌ನ ಗೋಡೆಗೆ ಹಚ್ಚಿದರೆ ಟೀವಿ ಅರ್ಧ ಮುಚ್ಚಿಹೋಯಿತು. ಕೆಂಪು ಪೆನ್ನಿನಲ್ಲಿ ದಾರಿ ಎಳೆದ. ಎಡಿನ್‌ಬರೋದಲ್ಲಿ ಇಳಿಯುವುದು, ಇನ್ವರ್ನೆಸ್, ಪಡುಗಡಲಿನ ಸ್ಕೈ ದ್ವೀಪ, ಅಲ್ಲಿಂದ ಗ್ಲಾಸ್ಗೋ, ಕೆಳಗೆ ಕೆಸಿಕ್, ಕಡೆಗೆ ಯಾರ್ಕ್. ಕೆಸಿಕ್ಕಿನ ಸುತ್ತ ಗುಂಡಗೆ ಒಂದು ವೃತ್ತ.

ಆಮೇಲಿನ ಸಂಜೆಗಳನ್ನು ಏನೆಂದು ಹೇಳುವುದು! ಹೊರಗೆ ಜೂನ್ ತಿಂಗಳ ಧೂಳುಗಾಳಿ, ಎದುರು ಬೀದಿಯ ಮಸೀದಿಯ ಮಿನಾರು ಮಸುಕು ಮಸುಕು. ಲಕ್ಷ್ಮೀಪತಿ ಕಿಟಕಿಯಲ್ಲಿ ನಿಂತು ಅದನ್ನೇ ಮಂಜು ಎಂದುಕೊಳ್ಳುವನು. ಏಸಿಯ ಪೈಪಿನಿಂದ ನೀರು ತೊಟ್ಟಿಕ್ಕಿದರೆ ಅದು ಸ್ಕಾಟ್ಲೆಂಡಿನ ಜಿಟಿಜಿಟಿ ಮಳೆ. ಚಳಿ ಅಭ್ಯಾಸವಾಗಲೆಂದು ಏಸಿಯನ್ನು ಇಳಿಸುವಷ್ಟು ಇಳಿಸಿ, ಮಂಕಿ ಕ್ಯಾಪು ಹಾಕಿಕೊಂಡು, ಇಬ್ಬರೂ ಒಂದೇ ರಗ್ಗಿನೊಳಗೆ ಕೂತು ಗೋಡೆ ನೋಡುವರು. ಅವನು ಊರುಗಳ ಹೆಸರನ್ನು ಜೋಗುಳದ ಹಾಗೆ ಓದುತ್ತಾ ಹೋದರೆ, ಅವಳು ಕಣ್ಣು ಅರೆಮುಚ್ಚಿ, ಕೈಯನ್ನು ರಗ್ಗಿನಾಚೆ ಇಳಿಬಿಟ್ಟು, ಇಲ್ಲದ ನೀರನ್ನು ಬೆರಳಲ್ಲಿ ಸೀಳುವಳು. ಕುಕ್ಕರು ಕೂಗಿದರೆ ಮಾತ್ರ ಇಬ್ಬರಿಗೂ ದೋಹಾ ನೆನಪಾಗುತ್ತಿತ್ತು.

ಭಾನುಮತಿ ಹಾಕಿದ್ದು ಒಂದೇ ಷರತ್ತು. ಯಾರಿಗೂ ಹೇಳಬಾರದು. ಅದಕ್ಕೆ ಕಾರಣವಿತ್ತು. ಕತಾರಿನಲ್ಲಿ ನೆಲೆಸಿದ ನಮ್ಮವರಲ್ಲಿ ಒಬ್ಬರು ರಜಕ್ಕೆ ಹೊರಟರೆಂದರೆ ಅವರ ಸೂಟ್‌ಕೇಸು ಊರೊಟ್ಟಿನ ಆಸ್ತಿ. ಇವರಿಗೊಂದು ಪಾರ್ಸೆಲ್, ಅವರಿಗೊಂದು ಪೊಟ್ಟಣ. ಇಲ್ಲ ಅನ್ನುವಂತಿಲ್ಲ. ಯಾಕೆಂದರೆ ನಾಳೆ ನಮ್ಮದನ್ನೂ ಅವರೇ ಹೊರಬೇಕು. ಲಕ್ಷ್ಮೀಪತಿ ತನ್ನ ಬಾಯಿಗೆ ತಾನೇ ಬೀಗ ಹಾಕಿ ತೋರಿಸಿದ.

ಬೀಗ ಒಡೆದದ್ದು ಒಂದು ಕೊಡೆ.

ಬೀದಿಯ ಕೊನೆಯಲ್ಲಿ ಉಳ್ಳಾಲದ ಅಲಿಯಬ್ಬರ ಗ್ರೋಸರಿ ಇದೆ. ಅಲ್ಲಿಗೆ ಹೋಗಿ ಲಕ್ಷ್ಮೀಪತಿ, ಗಾಳಿಗೆ ಮಗುಚದಂಥ ಗಟ್ಟಿ ಕೊಡೆ ಇದೆಯೇ ಎಂದು ಕೇಳಿದ. ಮಳೆಯೇ ಇಲ್ಲದ ಊರಿನಲ್ಲಿ, ಉರಿಬಿಸಿಲಿನ ಜೂನಿನಲ್ಲಿ ಕೊಡೆ! ಅಲಿಯಬ್ಬ ಗಲ್ಲಾದಿಂದ ತಲೆಯೆತ್ತಿ, ಆಸ್ಪತ್ರೆಗೆ ಏನಾದರೂ ತೋರಿಸಿದ್ದೀರಾ ಎಂಬಂತೆ ನೋಡಿದರು. ಆ ನೋಟಕ್ಕೆ ಉತ್ತರ ಕೊಡದಿದ್ದರೆ ತನ್ನ ಮರ್ಯಾದೆ ಉಳಿಯುವುದಿಲ್ಲ ಎನ್ನಿಸಿ ಲಕ್ಷ್ಮೀಪತಿ ಬಾಯಿ ತೆರೆದ. ತೆರೆದದ್ದು ಮುಚ್ಚಿದಾಗ ಎಡಿನ್‌ಬರೋದಿಂದ ಯಾರ್ಕಿನವರೆಗಿನ ದಾರಿಯೆಲ್ಲ ಅಕ್ಕಿ ಮೂಟೆಗಳ ನಡುವೆ ಹಾಸಿಕೊಂಡು ಬಿದ್ದಿತ್ತು.

ಅಲಿಯಬ್ಬ ತುಂಬ ಸಂತೋಷಪಟ್ಟರು. ಚಾ ತರಿಸಿದರು.

"ನಮ್ಮ ಮಗಳು ನಹ್ಲಾ ಅಲ್ಲೇ ಹಲ್ ಅಂತ ಒಂದು ಊರಲ್ಲಿರುದು ಸಾರ್, ಗಂಡನೊಟ್ಟಿಗೆ. ನೀರುದೋಸೆ ತಿನ್ನದೆ ಬತ್ತಿ ಹೋಗಿದ್ದಾಳೆ. ಒಂದು ಸಣ್ಣ ಕಟ್ಟು ಉಂಟು. ಹೆಚ್ಚೇನಿಲ್ಲ."

ಸಣ್ಣ ಕಟ್ಟು ಸಂಜೆ ಮನೆಗೆ ಬಂತು. ಇಬ್ಬರು ಹಿಡಿದುಕೊಂಡು ಬಂದರು. ಒಳಗೆ ಅಕ್ಕಿ ರುಬ್ಬುವ ಗ್ರೈಂಡರು.

ಮರುದಿನ ಬಂದವರು ಪಕ್ಕದ ಮನೆಯ ಝುಲೈಖಾ. ಮಗ ಫವಾಝ್ ನ್ಯೂಕ್ಯಾಸಲ್‌ನಲ್ಲಿ ಓದುತ್ತಾನಂತೆ, ಒಂದು ಡಬ್ಬಿ ಒಣ ಸಿಗಡಿ ಚಟ್ನಿ, ಗಾಳಿಯಾಡದ ಹಾಗೆ ಪ್ಯಾಕ್ ಮಾಡಿದ್ದಾರಂತೆ, ನೀವು ತಿನ್ನದವರು, ಮುಟ್ಟಲು ಬೇಸರವಾದರೆ ಬೇಡ ಎಂದು ಸಂಕೋಚದಿಂದ ನಿಂತರು. ಬೇಡ ಎನ್ನುವುದು ಹೇಗೆ? ಹೋದ ವರ್ಷ ಲಕ್ಷ್ಮೀಪತಿಯ ತಾಯಿ ಕಳಿಸಿದ ಮಾವಿನ ಮಿಡಿ ಉಪ್ಪಿನಕಾಯಿಯನ್ನು ತಮ್ಮ ಬಟ್ಟೆಗಳ ನಡುವೆ ಸುತ್ತಿ ತಂದವರು ಅವರು. ಎಣ್ಣೆ ಸೋರಿ ಹೊಸ ಚೂಡಿದಾರ ಹಾಳಾದರೂ ಒಂದು ಮಾತು ಆಡಿರಲಿಲ್ಲ. ಒಣ ಸಿಗಡಿ ಗೌರವದಿಂದ ಒಳಗೆ ಬಂದು, ಭಾನುಮತಿಯ ಸ್ವೆಟರಿನ ಪಕ್ಕ ಕುಳಿತಿತು.

ಶುಕ್ರವಾರ, ಅಂದರೆ ಇಲ್ಲಿನ ವಾರದ ರಜೆಯ ದಿನ, ಚರ್ಚ್ ಮುಗಿಸಿ ನೇರವಾಗಿ ಬಂದರು ಕಾಂಪೌಂಡಿನ ಅಪೊಲೋನಿಯಾ ಬಾಯಿ. ಮಗ ಡಿಲನ್ ಇರುವುದು ಸ್ಕಾಟ್ಲೆಂಡಿನ ಡಂಡಿಯಲ್ಲಿ. ಅವರು ತಂದದ್ದು ಹಲಸಿನ ಹಪ್ಪಳದ ಒಂದು ಗೋಪುರ. ಇದನ್ನು ಲಗೇಜಿಗೆ ಹಾಕಿದರೆ ಪುಡಿಯಾಗುತ್ತದೆ ಮಾರಾಯ್ರೆ, ಒಬ್ಬರು ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡರೆ ಆಯಿತು ಎಂದು ಸುಲಭದ ಉಪಾಯವನ್ನೂ ಹೇಳಿಕೊಟ್ಟು ಹೋದರು.

ಒಂದೊಂದು ಪಾರ್ಸೆಲ್ ಬಂದಾಗಲೂ ಗೋಡೆಯ ಮೇಲೆ ಕೆಂಪು ಗೆರೆ ಒಂದಿಷ್ಟು ಮೂಡಲಿಗೆ ಜಾರಿತು. ಡಂಡಿ, ನ್ಯೂಕ್ಯಾಸಲ್, ಹಲ್, ಮೂರೂ ಮೂಡುಗಡಲಿನ ಮಗ್ಗುಲಲ್ಲೇ. ಡಂಡಿಗಾಗಿ ಇನ್ವರ್ನೆಸ್ ಹೋಯಿತು. ಸ್ಕೈ ದ್ವೀಪ ಹೇಳದೆ ಕೇಳದೆ ಸಮುದ್ರದಲ್ಲಿ ಮುಳುಗಿತು. ಗ್ರೈಂಡರು ಹೊತ್ತುಕೊಂಡು ಗ್ಲಾಸ್ಗೋದಲ್ಲಿ ರೈಲು ಬದಲಿಸುವುದು ಅಸಾಧ್ಯವೆಂದು ಗ್ಲಾಸ್ಗೋವನ್ನೂ ಕೈಬಿಟ್ಟ. ಲಕ್ಷ್ಮೀಪತಿ ಹೆದರುವವನಲ್ಲ. ಪ್ರತಿಸಲವೂ ಹೊಸ ನಕ್ಷೆ ಅಚ್ಚು ಹಾಕಿಸಿ, ಶಟ್‌ಡೌನಿನ ಗಾಂಭೀರ್ಯದಿಂದ ಗೆರೆ ಎಳೆದ. ಕೆಸಿಕ್ಕಿನ ಎರಡು ದಿನ ಒಂದಾಯಿತು, ಒಂದು ಅರ್ಧವಾಯಿತು, ಅರ್ಧ ಎಂಬುದು ಮಧ್ಯಾಹ್ನದ ಊಟದ ವಿರಾಮವಾಯಿತು. ಕಡೆಯ ನಕ್ಷೆಯಲ್ಲಿ ವೃತ್ತವೇ ಇರಲಿಲ್ಲ.

ಆವತ್ತು ಭಾನುಮತಿ ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಬಂದು ಗೋಡೆಯ ಮುಂದೆ ನಿಂತಳು. ಬೆರಳು ಎಡಿನ್‌ಬರೋದಿಂದ ಹೊರಟು ಕಡಲಂಚಿನ ಕೆಂಪು ದಾರಿಯಲ್ಲೇ ನಡೆಯಿತು. ಆಮೇಲೆ ದಾರಿ ಬಿಟ್ಟು ಪಡುವಣಕ್ಕೆ ತಿರುಗಿ, ನೀಲಿಯ ಒಂದು ಸಣ್ಣ ಚುಕ್ಕೆಯ ಮೇಲೆ ನಿಂತಿತು. ಕಾಗದ ಒದ್ದೆಯಾಗಿ ನೀಲಿ ಸ್ವಲ್ಪ ಹರಡಿತು.

ಲಕ್ಷ್ಮೀಪತಿ ಅವಳ ಪಕ್ಕಕ್ಕೆ ಬಂದು ನಿಂತ.

"ನ್ಯೂಕ್ಯಾಸಲ್ ದಾಟಿದ್ಮೇಲೆ ರೈಲಲ್ಲಿ ಬಲಗಡೆ ಕಿಟಕಿ ಹತ್ರ ಕೂತ್ಕೋ ಭಾನು," ಅಂದ. "ದೂರದಲ್ಲಿ ಬೆಟ್ಟ ಏನಾದ್ರೂ ಕಾಣ್ಬೋದು. ಆ ಬೆಟ್ಟದ ಆಚೆ ಕಡೆ ನಿನ್ ಕೆರೆ."

"ಮಡಿಲಲ್ಲಿ ಹಪ್ಪಳ ಇರತ್ತಲ್ಲ, ಎದ್ದು ನೋಡೋಕೂ ಆಗಲ್ಲ," ಅಂದಳು ಭಾನುಮತಿ. ಸಿಟ್ಟಿನಿಂದಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ಮಾತಾಡಿದ ಹಾಗೆ, ಎಲ್ಲೋ ದೂರದಿಂದ.

ಎರಡು ದಿನ ಮನೆಯಲ್ಲಿ ಏಸಿ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ರಗ್ಗು ಮಡಿಚಿ ಬೀರು ಸೇರಿತು. ಮಂಜು ಮತ್ತೆ ಧೂಳಾಯಿತು. ಲಕ್ಷ್ಮೀಪತಿ ಮೆಸಯೀದಿನ ಬಸ್ಸಿನಲ್ಲಿ ಕೂತು ಕೂಡಿಸಿ ಕಳೆದು ನೋಡಿದ. ಎಲ್ಲಿಂದಲೂ ಒಂದು ದಿನ ಹೊರಡಲಿಲ್ಲ. ಹೋಗುವುದೇ ಬೇಡ ಎಂದರೆ? ಪಾರ್ಸೆಲ್ಲುಗಳನ್ನು ವಾಪಸ್ಸು ಕೊಡಬೇಕು. ಅದಕ್ಕಿಂತ ಗ್ರೈಂಡರನ್ನು ತಲೆಯ ಮೇಲೆ ಹೊತ್ತು ನಡೆದೇ ಹಲ್ ಊರಿಗೆ ಹೋಗುವುದು ಸುಲಭ.

ಮೂರನೆಯ ದಿನ ಊಟಕ್ಕೆ ಬಡಿಸುತ್ತಾ ಭಾನುಮತಿ ತಾನಾಗಿ ಮಾತು ತೆಗೆದಳು.

"ರೀ, ಊರಿಗೆ ಹೋಗೋವಾಗ ಇವ್ರೆಲ್ಲರ ಪಾರ್ಸೆಲ್ ತಗೊಂಡು ಹೋಗ್ತೀವಲ್ಲ. ಯಾವತ್ತಾದ್ರೂ ನಾವು ಬಸ್ ಹತ್ಕೊಂಡು ಉಳ್ಳಾಲಕ್ಕೆ ಹೋಗಿ ಕೊಟ್ಟಿದೀವಾ?"

"ನಾವ್ಯಾಕೆ ಹೋಗೋಣ? ಅವ್ರ ಕಡೆಯವ್ರೇ ಮೈಸೂರಿಗೆ ಬಂದು ತಗೊಂಡು ಹೋಗ್ತಾರೆ."

"ಮತ್ತೆ?"

ಲಕ್ಷ್ಮೀಪತಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹೊರುವವನ ಮನೆಬಾಗಿಲಿಗೆ ಬಂದು ಇಸಿದುಕೊಳ್ಳುವುದು ವಾಡಿಕೆ. ಹೊತ್ತವನು ಮನೆ ಮನೆ ತಿರುಗಿ ಹಂಚಿದ್ದನ್ನು ಈವರೆಗೆ ಯಾರೂ ಕಂಡಿಲ್ಲ. ಕಾರ್ಖಾನೆಯಲ್ಲಿ ಕ್ರೇನನ್ನು ಬೋಲ್ಟಿನ ಬಳಿಗೆ ಕರೆಸುವವನು, ಇಲ್ಲಿ ಮಾತ್ರ ಕಾರ್ಖಾನೆಯನ್ನೇ ಹೆಗಲ ಮೇಲಿಟ್ಟುಕೊಂಡು ಕ್ರೇನಿನ ಮನೆ ಹುಡುಕುತ್ತಾ ಹೊರಟಿದ್ದ!

ಫೋನು ಮಾಡಿದ್ದು ಭಾನುಮತಿಯೇ. ಕೆಸಿಕ್ಕಿನಲ್ಲಿ ಕೆರೆಯ ಪಕ್ಕ ಅಡುಗೆಮನೆಯಿರುವ ಒಂದು ಸಣ್ಣ ಕಾಟೇಜು ಗೊತ್ತುಮಾಡುತ್ತೇವೆ, ಇಂಥ ದಿನ ಅಲ್ಲಿಗೆ ಬಂದು ನಿಮ್ಮ ನಿಮ್ಮ ಪಾರ್ಸೆಲ್ ತೆಗೆದುಕೊಂಡು ಹೋಗಿ ಎಂದು ಮೂವರಿಗೂ ಹೇಳಿದಳು. ನಹ್ಲಾ ಗಂಡನ ಕಾರಿನಲ್ಲಿ ಬರುತ್ತೇನೆಂದಳು. ದಾರಿಯಲ್ಲಿ ಫವಾಝನನ್ನೂ ಹತ್ತಿಸಿಕೊಳ್ಳುವುದೆಂದಾಯಿತು. ಇಲ್ಲೇ ದೋಹಾದ ಇಂಗ್ಲಿಷ್ ಶಾಲೆಯಲ್ಲಿ ಓದಿ ಬೆಳೆದ ಡಿಲನ್ ಮಾತ್ರ ತನಗೆ ಬಂದ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದ:

"ನಾನು ಶೂರ್ ಬರ್ತದೆ ಆಂಟಿ. ಊಟ ಉಂಟಾ?"

ಮನೆಗೆ ಬಂದವರಿಗೆ ಊಟ ಹಾಕದೆ ಕಳಿಸುವುದುಂಟೇ ಎಂದು ಭಾನುಮತಿ ನಕ್ಕಳು.

ಲಕ್ಷ್ಮೀಪತಿಗೆ ಹೋದ ಜೀವ ಬಂತು. ಅವತ್ತೇ ಹೊಸ ನಕ್ಷೆ ತಂದ. ಕೆಂಪು ಗೆರೆ ಮೂಡಲಿನಿಂದ ಬಿಡಿಸಿಕೊಂಡು ಪಡುವಣಕ್ಕೆ ಓಡಿತು, ಸ್ಕೈ ದ್ವೀಪ ನೀರಿನಿಂದ ಮೇಲೆದ್ದಿತು, ಕೆಸಿಕ್ಕಿಗೆ ಎರಡು ದಿನವೂ ವಾಪಸ್ಸು ಬಂದವು. ವೃತ್ತವನ್ನು ಎರಡು ಸುತ್ತು ಹಾಕಿದ. ಹಾಕುತ್ತಾ ಹಾಕುತ್ತಾ ಉಪಾಯ ತನ್ನದೇ ಎಂದು ಅವನಿಗೆ ನಿಧಾನವಾಗಿ ಅನ್ನಿಸತೊಡಗಿತು. ಸೋಫಾದ ಮೇಲೆ ಮತ್ತೆ ಕಾಲು ನೀಡಿದ.

"ಅಷ್ಟು ಜನಕ್ಕೆ ಏನು ಮಾಡ್ಬೇಕು ಅಂತಿದೀಯ ಭಾನು? ಬಿಸಿಬೇಳೆ ಭಾತು ಮಾಡ್ಬಿಡು, ಸಲೀಸು."

"ನಾನಾ?" ಭಾನುಮತಿ ರಗ್ಗನ್ನು ಬೀರುವಿನಿಂದ ಹೊರತೆಗೆಯುತ್ತಿದ್ದಳು. "ಅಂಕಲ್ ಅಡಿಗೆ ಮಾಡ್ತಾರೆ ಅಂತ ಮಕ್ಕಳಿಗೆಲ್ಲ ಹೇಳ್ಬಿಟ್ಟಿದೀನಲ್ಲ. ಝುಲೈಖಾಗೂ ಹೇಳ್ದೆ. ತುಂಬ ಖುಷಿಪಟ್ರು."

ಝುಲೈಖಾ ಖುಷಿಪಟ್ಟರೆಂದರೆ ಕಾಂಪೌಂಡಿನ ಎಲ್ಲ ಮನೆಗೂ ಸುದ್ದಿ ಮುಟ್ಟಿದೆಯೆಂದೇ ಅರ್ಥ. ಅದನ್ನು ತಡೆಯಲು ಲಕ್ಷ್ಮೀಪತಿ ಬಾಗಿಲಿಗೆ ಹೋಗುವಷ್ಟರಲ್ಲಿ ಅಲಿಯಬ್ಬರೇ ತೊಗರಿಬೇಳೆಯ ಪ್ಯಾಕೆಟ್ಟು ಹಿಡಿದು ನಿಂತಿದ್ದರು. ಅಭ್ಯಾಸಕ್ಕೆ ಇರಲಿ ಸಾರ್ ಎಂದರು. ಅಪೊಲೋನಿಯಾ ಬಾಯಿ ಫೋನಿನಲ್ಲಿ ಹೊಗಳಿದರು. ಗಂಡಸರು ಹೀಗಿರಬೇಕೆಂದು ತಮ್ಮ ಯಜಮಾನರಿಗೆ ಬೆಳಗಿನಿಂದ ಹೇಳುತ್ತಿದ್ದಾರಂತೆ. ಹಿಂದೆ ಸರಿಯುವ ದಾರಿಗಳೆಲ್ಲ ಮುಚ್ಚಿದ್ದವು. ಇಂಥ ಅಚ್ಚುಕಟ್ಟಾದ ಶಟ್‌ಡೌನನ್ನು ಅವನು ಮೆಸಯೀದಿನಲ್ಲೂ ಕಂಡಿರಲಿಲ್ಲ.

ಮುಂದಿನ ಶುಕ್ರವಾರ ಬೆಳಿಗ್ಗೆ ಕಾರ್ಖಾನೆ ಮಲಗಿಸುವ ಗಂಡಸು ಸೊಂಟಕ್ಕೆ ಟವೆಲ್ ಬಿಗಿದು ಅಡುಗೆಮನೆಯಲ್ಲಿ ನಿಂತಿದ್ದ. ಬೇಳೆ ಉಕ್ಕಿ ಒಲೆಯೆಲ್ಲ ಹಳದಿ. ಒಗ್ಗರಣೆಯ ಹೊಗೆಯಲ್ಲಿ ಕಣ್ಣು ಕಾಣದು. ಸಾಸಿವೆ ಒಂದೊಂದಾಗಿ ಸಿಡಿದು ಅವನ ಮೇಲೆ ಹಳೆಯ ಲೆಕ್ಕವನ್ನೆಲ್ಲ ತೀರಿಸಿಕೊಳ್ಳುತ್ತಿತ್ತು.

"ಭಾನೂ," ಎಂದು ಕೂಗಿದ, "ಉಪ್ಪು ಈಗ ಹಾಕೋದಾ, ಆಮೇಲಾ?"

ಹಾಲ್‌ನಲ್ಲಿ ರಗ್ಗು ಹೊದ್ದು, ಗೋಡೆಯ ನೀಲಿ ಚುಕ್ಕೆಯ ಎದುರು ಕೂತಿದ್ದ ಭಾನುಮತಿ ಕಣ್ಣು ತೆರೆಯಲಿಲ್ಲ. ಕೈ ಪಕ್ಕಕ್ಕೆ ಇಳಿಬಿದ್ದಿತ್ತು. ಬೆರಳು ಮೆಲ್ಲನೆ ಆಡುತ್ತಿತ್ತು.

"ದೋಣೀಲಿದೀನಿ ಕಣ್ರಿ. ದಡಕ್ಕೆ ಬಂದ್ಮೇಲೆ ಕೇಳಿ."