ನಾನು ಇಲಿಬೇಟೆಯ ಗುರುವಾದದ್ದು

ಸಿಗರೇಟು ಬಿಟ್ಟವರನ್ನು ಕಂಡಿದ್ದೇನೆ, ಕುಡಿತ ಬಿಟ್ಟವರನ್ನೂ ಕಂಡಿದ್ದೇನೆ. ಸಲಹೆ ಕೊಡುವ ಚಟ ಬಿಟ್ಟವರನ್ನು ಮಾತ್ರ ಈವರೆಗೆ ಕಂಡಿಲ್ಲ. ಆಫೀಸಿನಲ್ಲಿ ನನ್ನ ಸಲಹೆಯನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ. ಹೀಗಿರುವಾಗ ಐವತ್ತು ದಾಟಿದ ಮೇಲೆ ಒಂದಷ್ಟು ಜನ ನನ್ನನ್ನು ‘ಗುರುಗಳೇ’ ಎಂದು ಕರೆಯತೊಡಗಿದರೆ ತಲೆ ತಿರುಗದೆ ಇದ್ದೀತೇ? ತಿರುಗಿತು. ಅದರ ಫಲವನ್ನು ಈಗ ನಾನೂ ನನ್ನ ಹೆಂಡತಿ ವಾರಿಜಳೂ ಉಣ್ಣುತ್ತಿದ್ದೇವೆ. ಉಳಿದದ್ದನ್ನೆಲ್ಲ ಇಲಿಗಳು ಉಣ್ಣುತ್ತಿವೆ.

ಆಗ ನಾವು ಮುಂಬೈಯ ಗೋರೆಗಾಂವಿನಲ್ಲಿ, ಸಾಲುಮನೆಗಳ ಹಳೆಯ ಚಾಳೊಂದರಲ್ಲಿದ್ದೆವು. ಒಂದು ಇಲಿ ವಾರಿಜಳ ಧಾರೆ ಸೀರೆಯ ಸೆರಗನ್ನು ಕಡಿದುಹಾಕಿತು. ಊರಿನ ಮನೆ ಮಾರಿದಾಗಲೂ ಅಳದವಳು ಅಂದು ಆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಏನಾದರೂ ಮಾಡಲೇಬೇಕೆಂದು ನಾನು ಗಂಡಸಾಗಿ ತೀರ್ಮಾನಿಸಿದೆ. ಅಂದರೆ, ಮೊಬೈಲ್ ತೆಗೆದೆ. ಪರಿಚಯದವರೊಬ್ಬರು ‘ಮುಂಬೈ ಕನ್ನಡಿಗರ ಇಲಿಬೇಟೆ’ ಎಂಬ ಗ್ರೂಪಿಗೆ ನನ್ನನ್ನು ಸೇರಿಸಿದರು. ಅಲ್ಲಿ ಕೊಲ್ಲುವ ಮಾತೇ ಇಲ್ಲ. ಗಣಪತಿಯ ವಾಹನವಾದ್ದರಿಂದ ಬೋನಿನಲ್ಲಿ ಹಿಡಿಯಬೇಕು, ದೂರ ಒಯ್ದು ಬಿಡಬೇಕು, ಇದು ಅಡ್ಮಿನ್‌ನ ಕಟ್ಟಳೆ. ಹಿಡಿದವರು ಬೋನಿನ ಪಕ್ಕ ನಿಂತು, ಹುಲಿ ಹೊಡೆದ ಮಹಾರಾಜರ ಗತ್ತಿನಲ್ಲಿ, ಫೋಟೋ ಹಾಕುತ್ತಿದ್ದರು. ಬೋನಿಗೆ ವಡಾಪಾವ್ ಕಟ್ಟಬೇಕೋ, ತುಪ್ಪ ಸವರಿದ ಚಪಾತಿಯೋ ಎಂಬ ಬಗ್ಗೆ ದಿನಗಟ್ಟಲೆ ಚರ್ಚೆ ನಡೆಯುತ್ತಿತ್ತು. ನಾನು ವಿದ್ಯಾರ್ಥಿಯಂತೆ ಕೂತು ಎಲ್ಲವನ್ನೂ ಕಲಿತೆ, ಎಲ್ಲವನ್ನೂ ಕಟ್ಟಿದೆ. ನಮ್ಮ ಇಲಿ ಬೋನಿನ ಸುತ್ತ ಓಡಾಡಿ, ಒಳಗೆ ಕಾಲಿಡದೆ, ಹೊರಗೆ ಉದುರಿದ ಚೂರುಗಳಲ್ಲೇ ಹೊಟ್ಟೆ ತುಂಬಿಸಿಕೊಂಡಿತು.

ಕೊನೆಗೆ ವಾರಿಜ, ಯಾರನ್ನೂ ಕೇಳದೆ, ಬೋನಿಗೆ ಒಣ ಬಂಗುಡೆ ಮೀನಿನ ತಲೆ ಕಟ್ಟಿಟ್ಟು ಮಲಗಿದಳು. ಬೆಳಿಗ್ಗೆ ಇಲಿ ಒಳಗಿತ್ತು. ನಾನು ಫೋಟೋ ತೆಗೆದು, ‘ಒಣ ಬಂಗುಡೆಯ ತಲೆ, ನನ್ನ ಸ್ವಂತ ಪ್ರಯೋಗ’ ಎಂದು ಗ್ರೂಪಿನಲ್ಲಿ ಬರೆದೆ. ‘ಸ್ವಂತ’ ಎಂದು ಬರೆಯುವಾಗ ಬೆರಳು ಸ್ವಲ್ಪ ತಡವರಿಸಿದ್ದು ನಿಜ. ಆದರೆ ಬಂಗುಡೆ ತಂದವನು ನಾನೇ ತಾನೆ ಎಂದು ಸಮಾಧಾನ ಮಾಡಿಕೊಂಡೆ.

ಹತ್ತಿರ ಬಿಟ್ಟರೆ ಇಲಿ ಮರಳಿ ಬರುತ್ತದೆಂದು ಗ್ರೂಪಿನಲ್ಲಿ ಓದಿದ್ದೆನಲ್ಲ, ಬೋನನ್ನು ಚೀಲದಲ್ಲಿಟ್ಟುಕೊಂಡು ದಹಿಸರ್‌ಗೆ ಲೋಕಲ್ ರೈಲು ಹತ್ತಿದೆ. ಚೀಲದೊಳಗಿಂದ ಸದ್ದು ಬರತೊಡಗಿದ ಮೇಲೆ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಇಪ್ಪತ್ತೈದು ವರ್ಷಗಳ ಓಡಾಟದಲ್ಲಿ ಮೊದಲ ಸಲ. ನದಿಯ ಪಕ್ಕ ಒಂದು ಪಾಳು ಮೈದಾನ, ಅದರಲ್ಲಿ ಒಂದು ಮುರಿದ ಬೆಂಚು. ಅಲ್ಲಿ ಇಲಿಯನ್ನು ಬಿಟ್ಟು, ಅದೇ ಬೆಂಚಿನ ಮೇಲೆ ಕೂತು, ಗಂಭೀರ ಧ್ವನಿಯಲ್ಲಿ ಗ್ರೂಪಿಗೆ ವಾಯ್ಸ್ ಮೆಸೇಜ್ ಕಳಿಸಿದೆ: ಬಂಗುಡೆಯ ತಲೆ ಕಟ್ಟಿ, ದಹಿಸರ್ ಮೈದಾನದಲ್ಲಿ ಬಿಡಿ, ಯಾರಿಗೂ ತೊಂದರೆ ಇಲ್ಲ. ಮುಂದಿನ ವಾರ ನಾಲ್ಕು ಮಂದಿ ಹಾಗೆಯೇ ಮಾಡಿ ಗೆದ್ದರು. ಅವತ್ತಿನಿಂದ ನಾನು ಗುರು.

ಆಮೇಲೆ ನಮ್ಮ ಚಾಳು ರೀಡೆವಲಪ್‌ಮೆಂಟಿಗೆ ಹೋಯಿತು. ಹಳೆಯದನ್ನು ಕೆಡವಿ, ಮೂರು ವರ್ಷದಲ್ಲಿ ಅದೇ ಜಾಗದಲ್ಲಿ ನಮಗೆ ಹೊಸ ಫ್ಲಾಟು ಎಂದು ಬಿಲ್ಡರ್ ಮಾತು ಕೊಟ್ಟ. ಅಲ್ಲಿಯವರೆಗೆ ಬಾಡಿಗೆ ಮನೆ ಹುಡುಕಬೇಕಿತ್ತು. ವಾರಿಜ ಕೇಳಿದ್ದು ಒಂದೇ: ಇಲಿ ಇಲ್ಲದ ಮನೆ. ಬ್ರೋಕರ್ ದಹಿಸರಿನಲ್ಲಿ ನೆಲಮಹಡಿಯ ಫ್ಲಾಟೊಂದನ್ನು ತೋರಿಸಿದ. ಅವಳು ಕಿಟಕಿ ತೆರೆದು, ಗಾಳಿ ಎಷ್ಟು ಚಂದ ಬರ್ತದೆ ಎಂದಳು. ನಾನೂ ಇಣುಕಿದೆ. ಎದುರಿಗೆ ಮೈದಾನ. ಮೈದಾನದಲ್ಲಿ ಮುರಿದ ಬೆಂಚು.

ಆಗಲೇ ಬಾಯಿ ಬಿಡಬಹುದಿತ್ತು. ಆದರೆ ಬಂಗುಡೆಯ ಯಶಸ್ಸನ್ನು ನನ್ನ ಹೆಸರಿಗೆ ಬರೆದುಕೊಂಡ ಕತೆಯಿಂದ ಶುರುಮಾಡಬೇಕಾಗುತ್ತಿತ್ತು. ಬ್ರೋಕರಿಗೆ ಅಡ್ವಾನ್ಸ್ ಕೊಟ್ಟು ಸಾಮಾನು ಸಾಗಿಸಿದೆ. ಹದಿನೈದು ದಿನದಲ್ಲಿ ಅಕ್ಕಿ ಡಬ್ಬದ ಮುಚ್ಚಳ ಹೋಯಿತು, ಫ್ರಿಜ್ಜಿನ ವೈರು ಹೋಯಿತು. ಭಾನುವಾರ ಬೆಳಿಗ್ಗೆ ನಾನು ಕಿಟಕಿಯಲ್ಲಿ ಪೇಪರ್ ಹಿಡಿದು ಕೂತರೆ, ಎದುರಿನ ಮೈದಾನಕ್ಕೆ ಬಟ್ಟೆ ಮುಚ್ಚಿದ ಬೋನು ಹಿಡಿದು ಒಬ್ಬೊಬ್ಬರೇ ಬರುತ್ತಿದ್ದರು. ಹಳೆಯ ಸಲಹೆ ಅಳಿಸಿಬಿಡೋಣವೆಂದು ಎಷ್ಟೋ ಸಲ ಮೊಬೈಲ್ ತೆಗೆದೆ. ಅಷ್ಟರಲ್ಲಿ ಯಾರೋ ‘ಗುರುಗಳಿಗೆ ಧನ್ಯವಾದ’ ಎಂದು ಹಾಕಿರುತ್ತಿದ್ದರು. ರಾತ್ರಿಯೆಲ್ಲ ಅಟ್ಟದ ಸದ್ದಿಗೆ ಎಚ್ಚರವಾಗಿರುವ ವಾರಿಜಳ ಕಣ್ಣು ನೋಡಿದರೆ ಸಂಕಟವಾಗುತ್ತಿತ್ತು. ಆದರೂ ಅಳಿಸಲಿಲ್ಲ. ಇಷ್ಟು ಸಣ್ಣ ಮನುಷ್ಯ ನಾನೆಂದು ನನಗೇ ಗೊತ್ತಿರಲಿಲ್ಲ.

ಕಳೆದ ಭಾನುವಾರ ಖಾಲಿ ಬೋನು ಹಿಡಿದ ಒಬ್ಬರು ಕಿಟಕಿಯ ಬಳಿ ಬಂದು ನೀರು ಕೇಳಿದರು. ಗ್ರಾಂಟ್ ರೋಡಿನಲ್ಲಿ ಟೈಲರ್, ಬಿಜಾಪುರದ ಕಡೆಯವರು, ಹೆಸರು ದಸ್ತಗೀರ್. ಗ್ರೂಪಿನಲ್ಲಿ ಹೆಸರು ಕಂಡಿದ್ದೆ, ಮುಖ ಕಂಡಿರಲಿಲ್ಲ. ನಾನು ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿದೆ. ವಾರಿಜ ಗ್ರಿಲ್ಲಿನ ಸಂದಿಯಲ್ಲಿ ಲೋಟ ಕೊಟ್ಟು, ಅಷ್ಟು ದೂರದಿಂದ ಇಲ್ಲಿಗೇ ಯಾಕೆ ಬರುವುದೆಂದು ಕೇಳಿದಳು.

“ನಮ್ಮ ಗುರುಗಳು ಇಲ್ಲೇ ಬಿಡ್ರಿ ಅಂತ ಹೇಳ್ಯಾರ‍್ರಿ ಅಕ್ಕಾರ. ಭಾಳ ಅನುಭವಸ್ಥರು. ಒಣ ಬಂಗುಡಿ ತಲಿ ಕಟ್ಟೋದು ಅವರೇ ಕಲಿಸಿದ್ದು” ಎಂದರು ದಸ್ತಗೀರ್.

ಬಂಗುಡೆ ಎಂದೊಡನೆ ವಾರಿಜ ನನ್ನ ಪೇಪರಿನ ಕಡೆ ತಿರುಗಿದಳು. ದಸ್ತಗೀರ್ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಬೇಕಾದರೆ ಕೇಳಿ ಎಂದು ಮೊಬೈಲ್ ಒತ್ತಿದರು. ನನ್ನದೇ ಧ್ವನಿ, ನನ್ನದೇ ಕಿಟಕಿಯಿಂದ, ನನ್ನದೇ ಮನೆಯೊಳಗೆ ಬಂತು: ದಹಿಸರ್ ಮೈದಾನದಲ್ಲಿ ಬಿಡಿ, ಯಾರಿಗೂ ತೊಂದರೆ ಇಲ್ಲ.

ಅವಳು ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತನ್ನನ್ನೂ ಗ್ರೂಪಿಗೆ ಸೇರಿಸಲು ಹೇಳಿ ದಸ್ತಗೀರರನ್ನು ಕಳಿಸಿಕೊಟ್ಟಳು. ಮರುದಿನ ಬಂಗುಡೆಯ ತಲೆಗೆ ಇಲಿಯೊಂದು ಬಿತ್ತು. ಅದರ ಫೋಟೋ ಹಾಕಿ, ತಮ್ಮ ಮನೆ ದಹಿಸರಿನಲ್ಲಿದೆ, ಇದನ್ನು ಎಲ್ಲಿ ಬಿಡಬೇಕು ಎಂದು ಗ್ರೂಪಿನಲ್ಲಿ ಕೇಳಿದಳು. ಐದೇ ನಿಮಿಷದಲ್ಲಿ ಒಂಬತ್ತು ಮಂದಿ ಉತ್ತರಿಸಿದರು. ಒಂಬತ್ತು ಮಂದಿಯೂ ಒಂದೇ ಜಾಗ ಹೇಳಿದರು, ಜೊತೆಗೆ ನನ್ನ ವಾಯ್ಸ್ ಮೆಸೇಜನ್ನೂ ಲಗತ್ತಿಸಿದರು.

ವಾರಿಜ ಬೋನನ್ನು ನನ್ನ ಕಾಲ ಬಳಿ ತಂದಿಟ್ಟಳು.

“ಸೀರೆ ಹೋದಾಗ ಇಲಿ ಮೇಲೆ ಸಿಟ್ಟು ಬಂದಿತ್ತು. ಈಗ ಇಲಿ ಮೇಲೆ ನಂಗೆ ಎಂತದೂ ಸಿಟ್ಟಿಲ್ಲ ಮಾರಾಯ್ರೆ” ಎಂದು ಒಳಗೆ ಹೋದಳು.

ಅವಳು ಎದುರಿಗೆ ನಿಂತು ಬೈದಿದ್ದರೂ ಇಷ್ಟು ತಾಗುತ್ತಿರಲಿಲ್ಲ. ಬೋನನ್ನು ಚೀಲಕ್ಕೆ ಹಾಕಿಕೊಂಡು ಲೋಕಲ್ ಹತ್ತಿದೆ. ಎಲ್ಲಿಗೆಂದು ಯೋಚಿಸುವಷ್ಟರಲ್ಲಿ ಕಾಲು ಅಭ್ಯಾಸಬಲದಿಂದ ಗೋರೆಗಾಂವಿನಲ್ಲಿ ಇಳಿದಿತ್ತು. ನಮ್ಮ ಚಾಳು ಇದ್ದಲ್ಲಿ ಈಗ ಸುತ್ತಲೂ ತಗಡಿನ ಶೀಟು, ಒಳಗೆ ಕಲ್ಲುಮಣ್ಣಿನ ರಾಶಿ, ಮನುಷ್ಯರ ಸುಳಿವಿಲ್ಲ. ಶೀಟಿನ ಕೆಳಗಿನ ಸಂದಿಯಲ್ಲಿ ಬೋನಿನ ಬಾಗಿಲು ತೆರೆದೆ. ಇಲಿ ತನ್ನದೇ ಮನೆಯೆಂಬಂತೆ ಒಳಗೆ ಓಡಿತು.

ಮರಳುವಾಗ ಮನಸ್ಸು ಎಷ್ಟೋ ಹಗುರವಾಗಿತ್ತು. ತಪ್ಪು ತಿದ್ದಿಕೊಳ್ಳುವ ದಾರಿ ಸಿಕ್ಕಿತ್ತಲ್ಲ. ರೈಲಿನಲ್ಲಿ ನಿಂತಲ್ಲೇ ಮೊಬೈಲ್ ತೆಗೆದು ಗ್ರೂಪಿನಲ್ಲಿ ಬರೆದೆ: ‘ದಹಿಸರ್ ಇನ್ನು ಬೇಡ. ಗೋರೆಗಾಂವಿನಲ್ಲಿ ಚಾಳು ಕೆಡವಿದ ಜಾಗವೊಂದಿದೆ. ಎಲ್ಲರೂ ಇನ್ನು ಮುಂದೆ ಅಲ್ಲೇ ಬಿಡಿ. ಯಾರಿಗೂ ತೊಂದರೆ ಇಲ್ಲ.’ ವಿಳಾಸವನ್ನೂ ಹಾಕಿದೆ. ದಸ್ತಗೀರರು ಮೊದಲು ಕೈಮುಗಿದರು, ಆಮೇಲೆ ಉಳಿದವರೂ ಕೈಮುಗಿದರು. ಮಲಾಡ್ ದಾಟಿತು, ಕಾಂದಿವಲಿ ದಾಟಿತು. ಬೊರಿವಲಿ ಹತ್ತಿರ ಬಂದಾಗ ವಾರಿಜಳ ಒಂದೇ ಒಂದು ಸಾಲು ಬಂತು:

‘ಮೂರು ವರ್ಷದ ಮೇಲೆ ನಾವು ಹೋಗಿ ಇರಬೇಕಾದ್ದು ಅಲ್ಲೇ ಅಲ್ವಾ, ಗುರುಗಳೇ?’